ಒಳಗಿಟ್ಟ ಬೋನ್ಸಾಯ್: ಫೈಕಸ್ ಎಲಿ ಉದುರ್ತದ, ಜೇಡ್ ಜೋತು ಬಿದ್ದದ. ಎಲ್ಲಿಂದ ಸುರು ಮಾಡ್ಬೇಕು?

ಕಿಟಕಿಕಟ್ಟೆ, ವಿಜಯಪುರ

ಎಲ್ಲಾರಿಗೂ ನಮಸ್ಕಾರ. ಬೋನ್ಸಾಯ್‌ಗೆ ಹೊಸಬ. ಎರಡನೇ ಮಜಲಿ ಮನಿ. ಪೂರ್ವಕ್ಕೊಂದು, ದಕ್ಷಿಣಕ್ಕೊಂದು ಕಿಟಕಿ, ಎರಡಕ್ಕೂ 2 ಅಡಿ ಸಜ್ಜಾ ಅದ. ಪಶ್ಚಿಮಕ್ಕ ಸಣ್ಣ ಗ್ಯಾಲರಿ. ಗಿಡ ಎರಡು: ಬುಡದಾಗ ಗಡ್ಡಿ ಹಂಗ ಬೇರು ಉಬ್ಬಿದ ಫೈಕಸ್ (ಆಲದ ಜಾತಿ) ಒಂದು, ಸಣ್ಣ ದುಂಡನ ಎಲಿ ಜೇಡ್ ಒಂದು. ಎರಡೂ ಹಾಲ್‌ನಾಗ ಟಿವಿ ಬಾಜೂ ಷೋಕೇಸ್ ಮ್ಯಾಲ ಅದಾವ. ದಿನಾ ಮುಂಜಾನೆ ಒಂದೊಂದು ಕಪ್ ಬೋರ್ ನೀರು. ತಂದು 3 ವಾರ ಆತು. ಫೈಕಸ್ ಅರ್ಧಕ್ಕರ್ಧ ಎಲಿ ಉದುರಿಸ್ಯದ, ಜೇಡ್ ಕೊಂಬಿ ಉದ್ದಾಗಿ ಜೋತು ಬಿದ್ದಾವ. ಮಣ್ಣಿನ ಮ್ಯಾಲ ಬಿಳಿ ಕಲ್ಲು ಅಂಟಿಸಿ ಕೊಟ್ಟಾರ, ಒಳಗಿನ ಮಣ್ಣು ಕಾಣಂಗಿಲ್ಲ. ಗೊಬ್ಬರ ಹಾಕ್ಬೇಕೋ, ಪಾಟ್ ಬದಲಿಸಬೇಕೋ? ಈಗ ಏಪ್ರಿಲ್, ಬಿಸಲು 40 ದಾಟೇದ.

ಟಿಳಕವಾಡಿ ತಾರಸಿ, ಬೆಳಗಾವಿ

ಗೊಬ್ಬರ ಬೇಡ ಸರ್. ಸೊರಗಿದ ಗಿಡಕ್ಕೆ ಗೊಬ್ಬರ ಅಂದರೆ ಜ್ವರ ಬಂದವನಿಗೆ ಹೋಳಿಗೆ ಊಟ. ಪಾಟ್ ವಿಷಯ ಆಮೇಲೆ. ಇವತ್ತು ಮಾಡಬೇಕಾದ್ದು ಮೂರೇ.

ಮೊದಲು, ಉಗುರಿನಿಂದ ಫೈಕಸ್ ಕೊಂಬೆಯ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆದು ನೋಡಿ. ಕೆಳಗೆ ಹಸಿರು ಇದ್ದು ಬಿಳಿ ಹಾಲು ಬಂದರೆ ಕೊಂಬೆ ಜೀವಂತ. ಕಂದು ಬಣ್ಣ, ಒಣಕಲು ಇದ್ದರೆ ಅಲ್ಲಿಂದ ಕೆಳಗೆ ಕೆಳಗೆ ಕೆರೆಯುತ್ತಾ ಹೋಗಿ, ಹಸಿರು ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಕತ್ತರಿಸಬಹುದು.

ಎರಡನೆಯದು, ಆ ಬಿಳಿ ಕಲ್ಲು. ಸಾಗಿಸುವಾಗ ಮಣ್ಣು ಚೆಲ್ಲಬಾರದೆಂದು ಅಂಟು ಹಾಕಿರುತ್ತಾರೆ. ಸ್ಕ್ರೂಡ್ರೈವರ್ ತುದಿಯಿಂದ ಅಂಚಿನಲ್ಲಿ ಎಬ್ಬಿಸಿದರೆ ಬಿಲ್ಲೆಯ ಹಾಗೆ ಏಳುತ್ತದೆ, ಬುಡದ ಬೇರಿಗೆ ಪೆಟ್ಟಾಗದಂತೆ ತೆಗೆಯಿರಿ. ಅದು ಇರುವವರೆಗೆ ಮಣ್ಣು ಒಣಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ನೀರೂ ಒಂದೇ ಬದಿಯಿಂದ ಸೋರಿ ಹೋಗುತ್ತದೆ.

ಮೂರನೆಯದು, ಎರಡೂ ಗಿಡ ಷೋಕೇಸ್ ಬಿಟ್ಟು ಪೂರ್ವದ ಕಿಟಕಿಗೆ ಬರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಒಳಾಂಗಣ ಬೋನ್ಸಾಯ್" ಎನ್ನುವ ಹೆಸರು ಹಿಮ ಬೀಳುವ ದೇಶಗಳಿಂದ ಬಂದದ್ದು. ಫೈಕಸ್, ಜೇಡ್ ಇವೆಲ್ಲ ಅಲ್ಲಿಯ ಚಳಿಗೆ ಸಾಯುತ್ತವೆ, ಹಾಗಾಗಿ ಅಲ್ಲಿಯವರಿಗೆ ಒಳಗಿಡುವುದು ಬಿಟ್ಟು ದಾರಿಯಿಲ್ಲ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳಲ್ಲಿ ಇವು ವರ್ಷವಿಡೀ ಹೊರಗೇ ಬದುಕುತ್ತವೆ. ಬೆಳಗಾವಿಯ ಜನವರಿ ಚಳಿಯೂ ಫೈಕಸ್‌ಗೆ ಏನೂ ಮಾಡುವುದಿಲ್ಲ. ಮೈಸೂರಿನ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೆ ಹೋದರೆ ಗಿಡಗಳು ಬಯಲಲ್ಲೇ ಇರುವುದು ಕಾಣುತ್ತದೆ. ಗ್ಯಾಲರಿ ಇರುವವರು ಗಿಡವನ್ನು ಅಲ್ಲಿ ಬೆಳೆಸಿ, ಚೆಂದ ಕಂಡಾಗ ಒಳಗೆ ತಂದು ತೋರಿಸುವುದೇ ಸಲೀಸು. ಕಿಟಕಿ ಮಾತ್ರ ಇದ್ದವರಿಗೂ ಆಗುತ್ತದೆ, ಆದರೆ ಬೆಳಕಿನ ಲೆಕ್ಕ ತಪ್ಪಬಾರದು.

ಮುಂಜಾನೆ ಬಿಸಿಲು, ವಿಜಯಪುರ

ಬೆಳಕಿನ ಲೆಕ್ಕ ನಾನು ಬರೆಯುತ್ತೇನೆ.

ಕಣ್ಣನ್ನು ನಂಬಬೇಡಿ. ಕತ್ತಲೆ ಕೋಣೆಗೂ ಹೊಂದಿಕೊಳ್ಳುವ ಅಂಗ ಅದು. ಮೊಬೈಲಿನಲ್ಲಿ ಲಕ್ಸ್ (ಬೆಳಕಿನ ಅಳತೆಯ ಮಾನ) ಅಳೆಯುವ ಆ್ಯಪ್ ಹಾಕಿಕೊಳ್ಳಿ. ನಿಖರತೆ ಅಷ್ಟಕ್ಕಷ್ಟೇ, ಆದರೂ ಎರಡು ಜಾಗಗಳನ್ನು ಹೋಲಿಸಲು ಸಾಕು. ಮೊಬೈಲನ್ನು ಗಿಡದ ತುದಿಯ ಎತ್ತರದಲ್ಲಿ, ಪರದೆ ಕಿಟಕಿಯ ಕಡೆಗೆ ಮುಖ ಮಾಡುವಂತೆ ಹಿಡಿದು ಬೆಳಿಗ್ಗೆ 9, ಮಧ್ಯಾಹ್ನ 1, ಸಂಜೆ 4ಕ್ಕೆ ನೋಡಿ.

ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮರದ ನೆರಳಿನಲ್ಲಿ ಹತ್ತು ಸಾವಿರದ ಆಸುಪಾಸು. ಮನೆಯ ನಡುಕೋಣೆಯಲ್ಲಿ ಕೆಲವು ನೂರು ಅಷ್ಟೇ. ಫೈಕಸ್ ಉಸಿರು ಹಿಡಿದುಕೊಂಡಿರಲು ಹಗಲೆಲ್ಲ 4-5 ಸಾವಿರ ಬೇಕು, ಒತ್ತಾಗಿ ಸಣ್ಣ ಎಲೆ ಬಿಡಲು 10 ಸಾವಿರದ ಮೇಲೆ. ಜೇಡ್‌ಗೆ ಅದಕ್ಕಿಂತ ಹೆಚ್ಚು, ದಿನಕ್ಕೆ 3-4 ತಾಸು ನೇರ ಬಿಸಿಲು ತಾಗಿದರೆ ಒಳ್ಳೆಯದು.

ಇನ್ನು ದಿಕ್ಕು. ಹೊರದೇಶದ ವಿಡಿಯೊ ನೋಡಿದವರೆಲ್ಲ "ದಕ್ಷಿಣದ ಕಿಟಕಿ ಶ್ರೇಷ್ಠ" ಅನ್ನುತ್ತಾರೆ. ಅದು ಲಂಡನ್ ಕಡೆಯ ಲೆಕ್ಕ. ವಿಜಯಪುರ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ. ಈಗ ಏಪ್ರಿಲ್‌ನಲ್ಲೂ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಸಜ್ಜಾ ಎಲ್ಲವನ್ನೂ ತಡೆಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಇಳಿದು ಮಧ್ಯಾಹ್ನಕ್ಕೆ 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ನಿಮ್ಮ 2 ಅಡಿ ಸಜ್ಜಾದ ನೆರಳು ಸುಮಾರು ಎರಡೂವರೆ ಅಡಿ ಕೆಳಗೆ ಬಂದು ನಿಲ್ಲುತ್ತದೆ, ಅದರ ಕೆಳಗಿನ ಕಿಟಕಿಕಟ್ಟೆಗೆ ಒಳ್ಳೆಯ ಬಿಸಿಲು. ಹಾಗಾಗಿ ನವೆಂಬರಿನಿಂದ ಫೆಬ್ರವರಿಯವರೆಗೆ ದಕ್ಷಿಣ, ಉಳಿದ ಕಾಲಕ್ಕೆ ಪೂರ್ವ.

ಗಿಡ ಗಾಜಿಗೆ 30 ಸೆಂ.ಮೀ.ಗಿಂತ ಹತ್ತಿರವೇ ಇರಲಿ. ಒಂದು ಮೀಟರ್ ಹಿಂದೆ ಸರಿಸಿದರೆ ಲಕ್ಸ್ ಎಷ್ಟು ಕುಸಿಯುತ್ತದೆ ಎಂದು ನೀವೇ ಅಳೆದು ನೋಡಿ, ಗಾಬರಿಯಾಗುತ್ತೀರಿ. ಸೊಳ್ಳೆ ಜಾಳಿಗೆ, ಬಣ್ಣದ ಗಾಜು ಇದ್ದರೆ ಇನ್ನೂ ಕಡಿಮೆ. ವಾರಕ್ಕೊಮ್ಮೆ ಪಾಟನ್ನು ಕಾಲುಸುತ್ತು ತಿರುಗಿಸಿ.

ಕಿಟಕಿಕಟ್ಟೆ, ವಿಜಯಪುರ

ಅಳದೆ. ಷೋಕೇಸ್ ಮ್ಯಾಲ 220, ಪೂರ್ವದ ಕಿಟಕಿಗಿ ಮುಂಜಾನೆ 9ಕ್ಕ 18 ಸಾವಿರ, ಮಧ್ಯಾಹ್ನ 3,500. ಗ್ಯಾಲರಿದಾಗ ಸಂಜೀ ಮುಂದ ಮೊಬೈಲೇ ಕಾದು ಕೈಗಿ ಚುರ್ ಅಂತು. ಉಗುರಿಲೆ ಕೆರದ್ರ ಹಸರು ಅದ, ಹಾಲು ಬರ್ತದ. ಎರಡು ಸಣ್ಣ ಕೊಂಬಿ ಅಷ್ಟ ಒಣಗ್ಯಾವ. ಕಲ್ಲು ತಗದೆ. ಕೆಳಗ ಬರೇ ಕರಿ ಎರಿ ಮಣ್ಣು, ಮ್ಯಾಲ ಒಣಗಿ ಬಿರಕ ಬಿಟ್ಟದ, ಬಳ್ಳು ಹಾಕಿದ್ರ ಒಳಗ ರಾಡಿ.

ಗರಸು, ಬಾಗಲಕೋಟೆ

ಹಂಗಾದ್ರ ಅರ್ಧ ರೋಗ ಸಿಕ್ತು ನೋಡ್ರಿ. ಎರಿ ಭೂಮಿ ಜ್ವಾಳಕ್ಕ ಬಂಗಾರ, ಪಾಟಿನಾಗ ಕಲ್ಲು. ತೊಯ್ದಾಗ ಉಬ್ಬತೈತಿ, ಒಣಗಿದಾಗ ಬಿರತು ಸಣ್ಣ ಬೇರು ಹರೀತೈತಿ. ತೊಯ್ದಿದ್ದಾಗ ಬೇರಿಗಿ ಗಾಳಿ ಇಲ್ಲ. ದಿನಾ ಒಂದು ಕಪ್ ನೀರು ಅಂದ್ರ ಮ್ಯಾಲ ಒಂದು ಇಂಚು ಕೆಸರು, ತಳದಾಗ ಏನಾಗೈತಿ ದೇವರಿಗೇ ಗೊತ್ತು.

ಬೋನ್ಸಾಯ್ ಪಾಟಿಗಿ ಮಣ್ಣಿಗಿಂತ ಹರಳು ಬೇಕ್ರಿ. ಜಪಾನಿನ ಅಕಡಾಮಾ ಅನ್ನೂ ಮಣ್ಣಿನ ಹರಳು ತರಿಸೂದು ಏನೂ ಬ್ಯಾಡ. ಇಟ್ಟಂಗಿ ಸಾಕು. ಆದ್ರ ಚೊಲೋ ಸುಟ್ಟಿದ್ದು ಇರಬೇಕು. ಒಂದು ಚೂರು ರಾತ್ರಿಯೆಲ್ಲಾ ನೀರಾಗ ನೆನಿಸಿ ಮುಂಜಾನೆ ಬಳ್ಳಿನಾಗ ತಿಕ್ಕಿ ನೋಡ್ರಿ. ರಾಡಿ ಆದ್ರ ಅರೆಬೆಂದ ಇಟ್ಟಂಗಿ, ಒಗದು ಬಿಡ್ರಿ. ಗಟ್ಟಿ ಇದ್ರ ಗೋಣಿಚೀಲದಾಗ ಹಾಕಿ ಕುಟ್ಟ್ರಿ, ಕಣ್ಣಿಗೆ ಚಷ್ಮಾ, ಮೂಗಿಗಿ ಬಟ್ಟಿ ಇರಲಿ. 6 ಮಿ.ಮೀ. ಸಾಣಿಗಿಯಿಂದ ಇಳದು 3 ಮಿ.ಮೀ. ಸಾಣಿಗಿ ಮ್ಯಾಲ ನಿಂತದ್ದಷ್ಟ ಬೇಕು. ಪುಡಿ ಎಲ್ಲಾ ಹೊರಗ. ಈ ಪುಡಿ ಜರಡಿ ಹಿಡಿಯೂ ಕೆಲಸಕ್ಕ ಬೇಜಾರ ಮಾಡ್ಕೊಂಡವರ ಗಿಡಾನ ಹೆಚ್ಚು ಸಾಯೂದು, ಯಾಕಂದ್ರ ಹರಳಿನ ನಡುವಿನ ಗಾಳಿ ಜಾಗಾ ಪುಡಿ ತುಂಬಿ ಮುಚ್ಚಿ ಬಿಡತೈತಿ. ಜರಡಿ ಹಿಡದ ಮ್ಯಾಲ ತೊಳೀರಿ, ಕೆಂಪು ನೀರು ತಿಳಿ ಆಗೂತನಕ.

ಅಳತಿ: ಫೈಕಸ್‌ಗಿ ಇಟ್ಟಂಗಿ ಹರಳು 2 ಪಾಲು, ಗರಸು 1 ಪಾಲು, ತೊಳದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು. ಮ್ಯಾಲ ಒಂದು ಮುಷ್ಟಿ ಇದ್ದಲಿ ಚೂರು. ಜೇಡ್‌ಗಿ ಇಟ್ಟಂಗಿ 3, ಗರಸು 1, ಕೋಕೋಪೀಟ್ ಅರ್ಧ. ಪಾಟ್ ಒಳಗಿನ ಅಳತಿ 20 ಸೆಂ.ಮೀ. ಉದ್ದ, 15 ಅಗಲ, 6 ಆಳ ಇದ್ರ 1.8 ಲೀಟರ್ ಹಿಡಿಸ್ತೈತಿ, 2 ಲೀಟರ್ ಕಲಸ್ರಿ. ಕೋಕೋಪೀಟ್ 650 ಗ್ರಾಂ ಇಟ್ಟಂಗಿ ನೆನದ್ರ 8-9 ಲೀಟರ್ ಆಗತೈತಿ, ಅದಕ್ಕ ಪೂರ್ತಿ ಒಮ್ಮೆ ನೆನಸಬ್ಯಾಡ್ರಿ. ಅದರಾಗ ಉಪ್ಪು ಇರತೈತಿ, ಎರಡು-ಮೂರು ಸಲ ನೀರು ಬದಲಿಸಿ ಹಿಂಡ್ರಿ.

ಗರಸಿನ ಬಗ್ಗೆ ಒಂದು ಎಚ್ಚರ. ಬಾಗಲಕೋಟೆ ಸುತ್ತ ಸುಣ್ಣಕಲ್ಲಿನ ಭೂಮಿ ಭಾಳ. ಒಂದು ಚಮಚ ಗರಸಿನ ಮ್ಯಾಲ ನಿಂಬಿಹುಳಿ ಇಲ್ಲಾ ವಿನೆಗರ್ ಹಾಕಿ ನೋಡ್ರಿ. ಬುರುಬುರು ನೊರಿ ಎದ್ರ ಸುಣ್ಣ ಐತಿ, ಅದು ಬ್ಯಾಡ. ಸುಣ್ಣ ಹೆಚ್ಚಾದ್ರ ಕಬ್ಬಿಣದಂಶ ಬೇರಿಗಿ ಸಿಗಂಗಿಲ್ಲ, ಹೊಸ ಎಲಿ ಹಳದಿ ಆಗಿ ನರ ಅಷ್ಟ ಹಸರು ಉಳೀತಾವ. ಅಂಥಾ ಕಡೆ ಗರಸು ಬಿಟ್ಟು ಆ ಪಾಲಿಗೂ ಇಟ್ಟಂಗೀನ ಹಾಕ್ರಿ.

ಸ್ಪ್ರೇ ಬಾಟ್ಲಿ, ಬಾಗಲಕೋಟೆ

ತಳದಾಗ ಒಂದು ಇಂಚು ದಪ್ಪ ಜಲ್ಲಿ ಹಾಸೂದು ಬಿಟ್ರಿ ನೋಡ್ರಿ. ಅದು ಇಲ್ಲಾಂದ್ರ ನೀರು ಹೆಂಗ ಬಸೀತೈತಿ? ಮತ್ತ ದಿನಾ ಎರಡು ಸಲ ಎಲಿಗಿ ನೀರು ಸಿಂಪಡಿಸ್ರಿ, ಬ್ಯಾಸಗಿ ಐತಿ.

ಟಿಳಕವಾಡಿ ತಾರಸಿ, ಬೆಳಗಾವಿ

ಜಲ್ಲಿಯ ವಿಷಯಕ್ಕೆ ಒಪ್ಪುವುದಿಲ್ಲ ಸರ್. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡವಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಪಾಟಿನೊಳಗೂ ಇದೇ. ಯಾವ ಮಿಶ್ರಣವಾದರೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಎತ್ತರವನ್ನು ನಿರ್ಧರಿಸುವುದು ಹರಳಿನ ಗಾತ್ರ. ತಳದಲ್ಲಿ ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಗೆ ಇಳಿಯದೆ, ಅದರ ಮೇಲೆ ಕೂರುತ್ತದೆ. 6 ಸೆಂ.ಮೀ. ಆಳದ ಪಾಟಿನಲ್ಲಿ ಎರಡೂವರೆ ಸೆಂ.ಮೀ. ಜಲ್ಲಿಗೆ ಹೋದರೆ ಬೇರಿಗೆ ಉಳಿಯುವುದು ಮೂರೂವರೆ, ಅದರಲ್ಲೂ ಅರ್ಧ ಒದ್ದೆ. ಇಡೀ ಪಾಟಿಗೆ ಒಂದೇ ಗಾತ್ರದ ಹರಳು, ತಳದ ತೂತಿಗೆ ನೈಲಾನ್ ಜಾಳಿಗೆ, ಇಷ್ಟೇ.

ತೆಳ್ಳನೆಯ ಪಾಟಿನಲ್ಲಿ ಹೊಸಬರ ಗಿಡ ಕೊಳೆಯುವುದು ಏಕೆ ಎಂಬುದಕ್ಕೂ ಇದೇ ಉತ್ತರ. ಅಡ್ಡ ಹಿಡಿದ ಸ್ಪಂಜು ಅದು.

ಸ್ಪ್ರೇ ಬಾಟ್ಲಿ, ಬಾಗಲಕೋಟೆ

ಸ್ಪಂಜ್ ಹಿಡದು ನೋಡಿದೆ. ಖರೇ ಐತಿ. ಜಲ್ಲಿ ಮಾತು ವಾಪಸ್. ಸಿಂಪಡಣೆ ಮಾತು ಮಾತ್ರ ಬಿಡಂಗಿಲ್ಲ.

ಮುಂಜಾನೆ ಬಿಸಿಲು, ವಿಜಯಪುರ

ಸಿಂಪಡಿಸಿದ ನೀರು ನಮ್ಮ ಏಪ್ರಿಲ್ ಗಾಳಿಯಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ, ತೇವಾಂಶ ಏರಿಸುತ್ತದೆ ಎಂಬುದು ಭ್ರಮೆ. ಎಲೆಯ ದೂಳು ಹೋಗುತ್ತದೆ, ನುಸಿ ಕಡಿಮೆಯಾಗುತ್ತದೆ, ಆ ಮಟ್ಟಿಗೆ ಲಾಭ. ಆದರೆ ಬೋರ್ ನೀರು ಸಿಂಪಡಿಸಿದರೆ ಎಲೆ ಮೇಲೆ ಬಿಳಿ ಕಲೆ ಗ್ಯಾರಂಟಿ. ಕಲ್ಲು ಹಾಕಿದ ನೀರಿನ ತಟ್ಟೆಯ ಮೇಲೆ ಪಾಟ್ ಇಡುವುದೂ ಅಷ್ಟೇ, ಪರಿಣಾಮ ಅಲ್ಪ. ಮೇಜು ಒದ್ದೆಯಾಗುವುದಿಲ್ಲ ಅನ್ನುವುದೇ ಅದರ ದೊಡ್ಡ ಉಪಯೋಗ. ಫೈಕಸ್‌ನ ದಪ್ಪ ಎಲೆ ಒಣಹವೆಯನ್ನು ಚೆನ್ನಾಗಿ ತಡೆಯುತ್ತದೆ, ಬೇರಿಗೆ ನೀರು ಸರಿಯಾಗಿದ್ದರೆ. ಕೂಲರ್, ಎಸಿ, ಫ್ಯಾನ್ ಗಾಳಿ ನೇರವಾಗಿ ಬಡಿಯದ ಹಾಗೆ ನೋಡಿಕೊಳ್ಳಿ, ಸಾಕು.

ನೀರಿನ ಬಗ್ಗೆ. "ದಿನಾ ಒಂದು ಕಪ್" ಎಂಬ ನಿಯಮವನ್ನೇ ಬಿಡಿ. ಬಿದಿರಿನ ಕಡ್ಡಿಯೊಂದನ್ನು ಪಾಟಿನ ಅಂಚಿನ ಹತ್ತಿರ 3-4 ಸೆಂ.ಮೀ. ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಕಪ್ಪಾಗಿ ತಣ್ಣಗಿದ್ದರೆ ನೀರು ಬೇಡ. ತುಸುವೇ ತೇವ ಇದ್ದರೆ ಫೈಕಸ್‌ಗೆ ಹಾಕಿ. ಪೂರ್ತಿ ಒಣಗಿ, ಎಲೆ ಹಿಚುಕಿದರೆ ಮೆತ್ತಗೆ ಅನ್ನಿಸಿದಾಗ ಜೇಡ್‌ಗೆ. ಹಾಕುವಾಗ ತಳದ ತೂತಿನಿಂದ ಧಾರಾಳವಾಗಿ ಸೋರುವಷ್ಟು, ಐದು ನಿಮಿಷ ಬಿಟ್ಟು ಇನ್ನೊಮ್ಮೆ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಿಶ್ರಣ ಒಣಗಿ ನೀರು ಕುಡಿಯುವುದೇ ಇಲ್ಲ ಅಂದರೆ ಬಕೆಟ್ಟಿನಲ್ಲಿ ಪಾಟಿನ ಅಂಚಿನವರೆಗೆ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ಎತ್ತಿ.

ಸವಳು ಬೋರ್ ನೀರಾದರೆ ಪಾಟಿನ ಅಂಚಿಗೆ, ಬುಡಕ್ಕೆ ಬಿಳಿ ಪದರ ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಮಳೆನೀರು ಹಿಡಿದಿಟ್ಟುಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ. ಆರ್‌ಒ ಶುದ್ಧ ನೀರು ಅರ್ಧ, ಬೋರ್ ನೀರು ಅರ್ಧ ಬೆರೆಸಬಹುದು. ಆದರೆ ಆರ್‌ಒ ಯಂತ್ರ ಹೊರಹಾಕುವ ನೀರನ್ನು "ವ್ಯರ್ಥ ಯಾಕೆ" ಎಂದು ಗಿಡಕ್ಕೆ ಹಾಕಬೇಡಿ, ಬೋರ್ ನೀರಿನ ಉಪ್ಪೆಲ್ಲ ಅದರಲ್ಲೇ ಕೂಡಿರುತ್ತದೆ. ತಿಂಗಳಿಗೊಮ್ಮೆ ಪಾಟಿನ ಗಾತ್ರದ ಮೂರು ಪಟ್ಟು ಒಳ್ಳೆಯ ನೀರು ಹರಿಸಿ ತೊಳೆಯಿರಿ.

ಕಿಟಕಿಕಟ್ಟೆ, ವಿಜಯಪುರ

ತಿಳೀತ್ರಿ. ಈಗ ಪಾಟ್ ಬದಲಿಸೂದು ಮಿರಗದ ಮಳಿತನಕ ತಡೀಬೇಕೋ, ಈಗಲೇ ಮಾಡಬೇಕೋ?

ಗರಸು, ಬಾಗಲಕೋಟೆ

ಗಿಡಾ ಗಟ್ಟಿ ಇದ್ರ ಮಿರಗ ಕೂಡಿದ ಮ್ಯಾಲ, ಜೂನ್ ಎರಡನೇ ವಾರದಿಂದ. ಹವಾ ತಂಪಾಗಿರತೈತಿ, ಚಿಗರು ಓಟದಾಗ ಇರತಾವ. ನಿಮ್ಮದು ಬ್ಯಾರೆ ಕಥಿ, ರಾಡಿಯೊಳಗ ಕುಂತೈತಿ. ಮೊದಲ ಪಾಟಿನಿಂದ ಬೇರು-ಮಣ್ಣಿನ ಉಂಡಿ ಸಮೇತ ಮೆಲ್ಲಕ ಎಬ್ಬಿಸಿ ಮೂಸಿ ನೋಡ್ರಿ. ಕೊಳತ ವಾಸನಿ ಬಂದ್ರ, ಬೇರು ಕರ್ರಗ ಮೆತ್ತಗಾಗಿ ಜಗ್ಗಿದ್ರ ಸಿಪ್ಪಿ ಕಳಚಿ ದಾರದಂಥ ನರ ಉಳದ್ರ, ಏಪ್ರಿಲ್ ಇರಲಿ ಮೇ ಇರಲಿ, ಇವತ್ತ ಬದಲಿಸ್ರಿ. ವಾಸನಿ ಇಲ್ಲ, ಬೇರು ಗಟ್ಟಿ ಐತಿ ಅಂದ್ರ ಹಂಗ ವಾಪಸ್ ಇಟ್ಟು ನೀರು ಕಡಿಮಿ ಮಾಡಿ ಜೂನ್ ತನಕ ಕಾಯ್ರಿ.

ಕಿಟಕಿಕಟ್ಟೆ, ವಿಜಯಪುರ

ವಾಸನಿ ಅದ. ಒಂದು ಬಾಜೂ ಬೇರು ಕರ್ರಗ ಅದಾವ, ಇನ್ನೊಂದು ಬಾಜೂ ಗಟ್ಟಿ.

ಗರಸು, ಬಾಗಲಕೋಟೆ

ಹಂಗಾದ್ರ ಸಂಜೀ ಮುಂದ, ನೆರಳಾಗ ಕುಂತು ಮಾಡ್ರಿ. ಎಲ್ಲಾ ಸಾಮಾನು ಮೊದಲ ಜೋಡಿಸ್ಕೊಳ್ರಿ, ಬೇರು ಬಿಚ್ಚಿಟ್ಟು ಅಂಗಡಿಗಿ ಓಡಬ್ಯಾಡ್ರಿ.

ಈ ಸಲ ತೆಳ್ಳನ ಬೋನ್ಸಾಯ್ ಪಾಟ್ ಬ್ಯಾಡ. ತಳದಾಗ ನಾಕೈದು ತೂತಿನ, 10-12 ಸೆಂ.ಮೀ. ಆಳದ ಸಾದಾ ಪ್ಲಾಸ್ಟಿಕ್ ಬುಟ್ಟಿ ಆದ್ರೂ ನಡೀತೈತಿ. ತೂತಿನ ಮ್ಯಾಲ ಜಾಳಿಗಿ ತಂತಿಲೆ ಬಿಗೀರಿ. ಗಿಡ ಕಟ್ಟಾಕ 1.5 ಮಿ.ಮೀ. ಅಲ್ಯುಮಿನಿಯಂ ತಂತಿ ಎರಡು, ತಳದಿಂದ ಮ್ಯಾಲ ಬರೂಹಂಗ ತೂರ್ಸಿಡ್ರಿ. ಎರಿ ಮಣ್ಣು ಒಣಗಿದ್ದಾಗ ಜಗ್ಗಬ್ಯಾಡ್ರಿ, ಬೇರು ಹರೀತಾವ. ಉಂಡಿ ಪೂರಾ ಬಕೆಟ್ ನೀರಾಗ ಒಂದು ತಾಸು ನೆನಿಸಿ, ಬಿದಿರು ಕಡ್ಡಿಲೆ ಹೊರಗಿಂದ ಒಳಗ ಬಿಡಿಸ್ಕೋತ ಬರ್ರಿ. ಉಳದ ಮಣ್ಣು ನೀರು ಬಿಟ್ಟು ತೊಳೀರಿ. ಸಾದಾ ದಿನದಾಗ ಬೇರು ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು, ಈಗ ಕೊಳತದ್ದು ಅಷ್ಟ ಕತ್ತರಿಸ್ರಿ, ಗಟ್ಟಿ ಬೇರು ಒಂದೂ ಮುಟ್ಟಬ್ಯಾಡ್ರಿ. ಕತ್ತರಿ ಸ್ಪಿರಿಟ್‌ಲೆ ಒರಸ್ರಿ. ಬಿಳಿ ಹಾಲು ಕೈಗಿ ಹತ್ತಿದ್ರ ತೊಳ್ಕೊಳ್ರಿ, ಕೆಲವರಿಗಿ ತುರಿಸ್ತೈತಿ, ಕಣ್ಣಿಗಂತೂ ಹತ್ತಬಾರದು.

ತಳಕ್ಕ ಮಿಶ್ರಣದ ಸಣ್ಣ ದಿಬ್ಬ ಮಾಡಿ, ಗಿಡ ಅದರ ಮ್ಯಾಲ ಕುಂಡ್ರಿಸಿ, ತಂತಿ ಬೇರಿನ ಮ್ಯಾಲಿಂದ ಬಿಗಿದು ತಿರುವ್ರಿ. ಕಾಂಡ ಹಿಡದು ಅಲುಗಾಡಿಸಿದ್ರ ಪಾಟೂ ಕೂಡ ಅಲುಗಬೇಕು, ಗಿಡ ಒಂದ ಅಲುಗಬಾರದು. ಅಲುಗಿದ್ರ ಹೊಸ ಬೇರಿನ ತುದಿ ಮುರೀತಾವ, ತಿಂಗಳಾದ್ರೂ ಗಿಡ ಹಿಡ್ಕೊಳ್ಳಂಗಿಲ್ಲ. ಆಮ್ಯಾಲ ಮಿಶ್ರಣ ಸುರುವಿ ಕಡ್ಡಿಲೆ ಚುಚ್ಚಿ ಚುಚ್ಚಿ ಬೇರಿನ ಸಂದಿ ತುಂಬ್ರಿ. ನೀರು ತಿಳಿ ಬರೂತನಕ ಹಾಕ್ರಿ.

ಎಲಿ ಕಡಿಮಿ ಉಳದಾವ ಅಂದ್ರಿ, ಅದಕ್ಕ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ ಗಿಡದ ಮ್ಯಾಲ ಮುಚ್ಚಿ ಬೆಳಕಿನಾಗ ಇಡ್ರಿ. ನೇರ ಬಿಸಲು ಬ್ಯಾಡ, ಒಳಗ ಬೆಂದು ಹೋಗತೈತಿ. ದಿನಾ ಹತ್ತು ನಿಮಿಷ ಚೀಲ ತಗೀರಿ. ಚಿಗರು ಕಂಡ ಮ್ಯಾಲ ಒಂದು ವಾರದಾಗ ಸ್ವಲ್ಪ ಸ್ವಲ್ಪ ಬಿಚ್ಚಿ ಪೂರ್ತಿ ತಗೀರಿ. ಗೊಬ್ಬರ ಆರು ವಾರ ಇಲ್ಲ.

ಜೇಡ್‌ಗಿ ಉಲ್ಟಾ. ಪಾಟ್ ಬದಲಿಸೂ ಮುಂದ ಒಂದು ವಾರ ಒಣಗಸ್ರಿ, ಬದಲಿಸಿದ ಮ್ಯಾಲ ಒಂದು ವಾರ ನೀರು ಹಾಕಬ್ಯಾಡ್ರಿ. ಹಸಿ ಗಾಯಕ್ಕ ನೀರು ಹತ್ತಿದ್ರ ಕೊಳೀತೈತಿ.

ಎರಡೆಲೆ, ಬೆಳಗಾವಿ

ಜೇಡ್ ಬಗ್ಗೆ ನಾನು ಸೇರಿಸುತ್ತೇನೆ. ಜೇಡ್ ಹೆಸರಿನಲ್ಲಿ ಎರಡು ಬೇರೆ ಗಿಡ ಮಾರುತ್ತಾರೆ. ಕೆಂಪುಕಂದು ಕಾಂಡ, ಉಗುರಿನಷ್ಟು ಎಲೆ ಇರುವುದು ಪೋರ್ಚುಲಕೇರಿಯಾ ಆಫ್ರಾ. ದಪ್ಪ, ದೊಡ್ಡ ಎಲೆಯದು ಕ್ರಾಸುಲಾ ಒವಾಟಾ. ಎರಡೂ ದಕ್ಷಿಣ ಆಫ್ರಿಕಾದ ಕಡೆಯವು, ಆದರೆ ಬೋನ್ಸಾಯ್‌ಗೆ ಮೊದಲನೆಯದೇ ಸರಿ. ನಿಮ್ಮದು ಅದೇ ಅನ್ನಿಸುತ್ತದೆ.

ಜೋತು ಬಿದ್ದದ್ದು ಬೆಳಕಿಲ್ಲದೆ. ಎಲೆಜೋಡಿಯಿಂದ ಎಲೆಜೋಡಿಗೆ ಅಂತರ 3 ಸೆಂ.ಮೀ. ಆಗಿದ್ದರೆ ಆ ಭಾಗ ಮತ್ತೆ ಒತ್ತಾಗುವುದಿಲ್ಲ. ಹೊಸ ಜಾಗದಲ್ಲಿ ಎರಡು-ಮೂರು ವಾರ ಇಟ್ಟು, ಚಿಗುರು ಒತ್ತಾಗಿ ಬರತೊಡಗಿದ ಮೇಲೆ, ಜೋತುಬಿದ್ದ ಕೊಂಬೆಗಳನ್ನು ಬುಡದ ಕಡೆಯ ಎರಡು ಜೋಡಿ ಎಲೆ ಉಳಿಸಿ ಕತ್ತರಿಸಿ. ಕತ್ತರಿಸಿದ ಕೆಳಗಿನ ಜೋಡಿಯಿಂದ ಎರಡು ಚಿಗುರು ಹೊರಡುತ್ತವೆ. ಕವಲು ಕಟ್ಟುವುದು ಹೀಗೆಯೇ. ಕತ್ತರಿಸಿದ ತುಂಡುಗಳನ್ನು 4-5 ದಿನ ನೆರಳಲ್ಲಿ ಒಣಗಿಸಿ ಒಣ ಮಿಶ್ರಣಕ್ಕೆ ಊರಿದರೆ ಹೊಸ ಗಿಡ. ಪ್ರಯೋಗವೆಲ್ಲ ಅವುಗಳ ಮೇಲೆ ನಡೆಯಲಿ.

ಫೈಕಸ್‌ಗೆ ಈಗ ಕತ್ತರಿಯೂ ಬೇಡ, ಕೊಂಬೆ ಬಾಗಿಸಿ ಆಕಾರ ಕೊಡುವ ತಂತಿಯೂ ಬೇಡ. ಗಿಡ ಚೇತರಿಸಿ, ಚಿಗುರಿಗೆ 6-8 ಎಲೆ ಬಂದ ಮೇಲೆ 2 ಎಲೆಗೆ ಕತ್ತರಿಸುವುದು ಶುರು. ನಿಮ್ಮದು ಗಡ್ಡೆಬೇರಿನ ಫೈಕಸ್ ಮೈಕ್ರೊಕಾರ್ಪಾ, ಮೇಲೆ ಸಣ್ಣ ಎಲೆಯ ತಳಿಯನ್ನು ಕಸಿ ಕಟ್ಟಿರುತ್ತಾರೆ. ಗಂಟಿನ ಕೆಳಗಿಂದ ದೊಡ್ಡ ಎಲೆಯ ಚಿಗುರು ಬಂದರೆ ಉಗುರಲ್ಲೇ ಚಿವುಟಿ, ಇಲ್ಲದಿದ್ದರೆ ಅದು ಬಲವಾಗಿ ಕಸಿಯ ಭಾಗವನ್ನು ಹಿಂದೆ ಹಾಕುತ್ತದೆ.

ತಂತಿ ಸುತ್ತುವ ಕಾಲ ಬಂದಾಗ: ಕೊಂಬೆಯ ದಪ್ಪದ ಮೂರನೇ ಒಂದು ಭಾಗದ ದಪ್ಪ, ಕೊಂಬೆಗಿಂತ ಮೂರನೇ ಒಂದು ಪಾಲು ಹೆಚ್ಚು ಉದ್ದ, 45 ಡಿಗ್ರಿ ಓರೆಯಲ್ಲಿ. ಹೊಸಬರು ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ ಸುತ್ತುತ್ತಾರೆ, ಅದು ಹಿಡಿಯುವುದೂ ಇಲ್ಲ, ತೊಗಟೆಗೆ ಕಚ್ಚುತ್ತದೆ. ಬಾಗಿಸುವಾಗ ತಂತಿ ಬಾಗಿನ ಹೊರಮೈಯಲ್ಲಿ ಇರಬೇಕು, ಇಲ್ಲದಿದ್ದರೆ ಕೊಂಬೆ ಅಲ್ಲೇ ಸೀಳುತ್ತದೆ. ಮಳೆಗಾಲದಲ್ಲಿ ಫೈಕಸ್ ಬೇಗ ದಪ್ಪವಾಗುತ್ತದೆ, ವಾರಕ್ಕೊಮ್ಮೆ ನೋಡಿ, ಕಚ್ಚಲು ಶುರುವಾದ ದಿನವೇ ತೆಗೆಯಿರಿ. ತೆಗೆಯುವಾಗ ಸುತ್ತು ಬಿಚ್ಚಬೇಡಿ, ಕಟಿಂಗ್ ಪ್ಲೈಯರಿನಿಂದ ತುಂಡು ತುಂಡು ಮಾಡಿ ತೆಗೆಯಿರಿ. ತಂತಿಯ ಆಸೆಗೆ ಕೊಂಬೆ ಮುರಿದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಮುಂಜಾನೆ ಬಿಸಿಲು, ವಿಜಯಪುರ

ಕಾಂಡ ದಪ್ಪ ಆಗುವ ಆಸೆಯಿದ್ದರೆ ಒಳಗಿಟ್ಟು ಕಾಯಬೇಡಿ. ಕಾಂಡ ದಪ್ಪವಾಗುವುದು ಎಲೆಯ ದುಡಿಮೆಯಿಂದ, ಎಲೆ ದುಡಿಯುವುದು ಬೆಳಕಿನಿಂದ. ಗ್ಯಾಲರಿಯಲ್ಲಿ ದೊಡ್ಡ ಪಾಟಿನಲ್ಲಿಟ್ಟು, ಒಂದು ಕೊಂಬೆಯನ್ನು ಕತ್ತರಿಸದೆ ಒಂದೆರಡು ವರ್ಷ ಓಡಲು ಬಿಟ್ಟು ಆಮೇಲೆ ತೆಗೆದರೆ ಕೆಳಗಿನ ಕಾಂಡ ದಪ್ಪವಾಗಿರುತ್ತದೆ.

ನಿಮ್ಮ ಪಶ್ಚಿಮದ ಗ್ಯಾಲರಿಗೆ ಈಗಲೇ ಇಳಿಸಬೇಡಿ. ನೆರಳಲ್ಲಿ ಬಂದ ಎಲೆ ನೇರ ಬಿಸಿಲಿಗೆ ಒಂದೇ ದಿನದಲ್ಲಿ ಬಿಳಚಿ ಸುಡುತ್ತದೆ. ಜೂನ್ ಕೊನೆಗೆ, ಮೋಡ ಕವಿದ ದಿನ ನೋಡಿ, ಶೇ. 50ರ ಶೇಡ್ ನೆಟ್ ಕೆಳಗೆ ದಿನಕ್ಕೆ ಎರಡು ತಾಸಿನಿಂದ ಶುರು ಮಾಡಿ ಹತ್ತು-ಹದಿನಾಲ್ಕು ದಿನಗಳಲ್ಲಿ ಪೂರ್ತಿ ಬಿಡಿ. ಪಾಟ್ ನೆಲದ ಫರಸಿಗೆ ತಾಗದಂತೆ ಹಲಗೆಯ ಮೇಲಿರಲಿ. ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ ಪಾಟಿನೊಳಗೆ ಬೇರು ಬೇಯುತ್ತದೆ, ಸುತ್ತ ಒದ್ದೆ ಗೋಣಿತಟ್ಟು ಸುತ್ತುವುದು ಹಳೆಯ ಉಪಾಯ, ಕೆಲಸಕ್ಕೆ ಬರುತ್ತದೆ.

ಮಲಪ್ರಭಾ ದಂಡಿ, ಬೆಳಗಾವಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಬೆಳಗಾವಿಯವರ ಕಷ್ಟ ಬೇರೆ. ಜುಲೈ, ಆಗಸ್ಟ್‌ನಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಕಿಟಕಿಯಲ್ಲೂ 1,500 ಲಕ್ಸ್ ದಾಟುವುದಿಲ್ಲ. ದೀಪ ಹಾಕಿದರೆ ಆಗುತ್ತದೆಯೇ? ಹುಣಸೆ, ಬನ್ನಿ, ದಾಳಿಂಬೆ ಇವನ್ನು ಒಳಗೆ ಬೆಳೆಸಬಹುದೇ?

ಟಿಳಕವಾಡಿ ತಾರಸಿ, ಬೆಳಗಾವಿ

ದೀಪ ಧಾರಾಳವಾಗಿ ನಡೆಯುತ್ತದೆ. ನೇರಳೆ ಬಣ್ಣದ ದುಬಾರಿ ದೀಪ ಬೇಕಿಲ್ಲ. 20 ವ್ಯಾಟಿನ, 6500 ಕೆಲ್ವಿನ್ ಬಿಳಿ ಎಲ್‌ಇಡಿ ಪಟ್ಟಿ ಎರಡು, ಗಿಡದ ತುದಿಯಿಂದ 15-20 ಸೆಂ.ಮೀ. ಮೇಲೆ. ದೀಪವನ್ನು ಛಾವಣಿಯಲ್ಲಿ ಬಿಟ್ಟರೆ ಪ್ರಯೋಜನವಿಲ್ಲ, ದೂರ ಹೋದಷ್ಟೂ ಬೆಳಕು ಚೆದುರುತ್ತದೆ. ಟೈಮರ್ ಸಾಕೆಟ್ಟಿಗೆ ಹಾಕಿ ದಿನಕ್ಕೆ 12 ತಾಸು. ಎರಡೂ ಸೇರಿ ದಿನಕ್ಕೆ ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆ, ಹೆಸ್ಕಾಂ ಬಿಲ್ಲಿನಲ್ಲಿ ತಿಂಗಳಿಗೆ 14-15 ಯೂನಿಟ್. ರಾತ್ರಿ ಆರಿಸಿ, ಗಿಡಕ್ಕೂ ಕತ್ತಲೆ ಬೇಕು. ಮಳೆಗಾಲದಲ್ಲಿ ನೀರನ್ನು ಅರ್ಧಕ್ಕೆ ಇಳಿಸಿ, ಕಡ್ಡಿ ಹೇಳಿದಂತೆ. ಜೇಡ್‌ಗೆ ಹತ್ತು-ಹದಿನೈದು ದಿನಕ್ಕೊಮ್ಮೆಯೂ ಸಾಕಾಗಬಹುದು.

ಹುಣಸೆ, ಬನ್ನಿ, ದಾಳಿಂಬೆ, ಕಾಗದದ ಹೂ ಎಲ್ಲವೂ ಅದ್ಭುತ ಬೋನ್ಸಾಯ್ ಆಗುತ್ತವೆ, ತಾರಸಿಯ ಮೇಲೆ. ಒಳಗೆ ಬೇಡ. ಅರಳಿಯೂ ಅಷ್ಟೇ, ಎಲೆ ಸಣ್ಣದಾಗುವುದೇ ಕಷ್ಟ. ಒಳಗೆ ತಾಳುವವು ಫೈಕಸ್ ಮೈಕ್ರೊಕಾರ್ಪಾ, ಶೆಫ್ಲೆರಾ, ಬೆಳಕು ಚೆನ್ನಾಗಿದ್ದರೆ ಜೇಡ್. ತೆಳು ಎಲೆ, ಉದ್ದ ತುದಿಯ ಫೈಕಸ್ ಬೆಂಜಮಿನಾ ಜಾಗ ಬದಲಾದಾಗಲೆಲ್ಲ ಎಲೆ ಉದುರಿಸುತ್ತದೆ, ಮೊದಲ ಗಿಡವಾಗಿ ತರಬೇಡಿ. ಜುನಿಪರನ್ನು ಯಾರಾದರೂ "ಒಳಗಿಡಬಹುದು" ಎಂದು ಮಾರಿದರೆ ಅಂಗಡಿಯನ್ನೇ ಬದಲಿಸಿ. ಅದು ಸತ್ತ ಮೇಲೂ ಹಲವು ವಾರ ಹಸಿರಾಗಿಯೇ ಕಾಣುತ್ತದೆ.

ಸ್ಪ್ರೇ ಬಾಟ್ಲಿ, ಬಾಗಲಕೋಟೆ

ಹುಳದ ಬಗ್ಗೆ ನಾನು ಹೇಳ್ತೀನಿ, ಬಾಟ್ಲಿ ಕೆಲಸ ಇಲ್ಲೇ ಐತಿ. ಎಲಿ ಸಂದಿಯೊಳಗ ಬಿಳಿ ಹತ್ತಿಯಂಗ ಕಂಡ್ರ ಹಿಟ್ಟು ತಿಗಣಿ. ಕಿವಿಗಿ ಹಾಕೂ ಹತ್ತಿಕಡ್ಡಿ ಸರ್ಜಿಕಲ್ ಸ್ಪಿರಿಟ್ಟಿನಾಗ ಅದ್ದಿ ಒಂದೊಂದ ಒರಸ್ರಿ. ಆಮ್ಯಾಲ 1 ಲೀಟರ್ ಉಗುರುಬೆಚ್ಚನ ನೀರಿಗೆ ಬೇವಿನೆಣ್ಣಿ 5 ಮಿ.ಲೀ., ಪಾತ್ರಿ ತೊಳಿಯೂ ಸೋಪ್ 1 ಮಿ.ಲೀ. ಕಲಸಿ ಸಂಜೀಕ ಎಲಿ ಕೆಳಮೈಗೂ ಹೊಡೀರಿ, ವಾರಕ್ಕೊಮ್ಮೆ ಮೂರು ಸಲ. ಒಮ್ಮೆ ಹೊಡದು ಬಿಟ್ರ ತತ್ತಿಯಿಂದ ಮತ್ತ ಏಳತಾವ. ಜೇಡ್‌ಗಿ ಮೊದಲ ಒಂದ ಕೊಂಬಿಗಿ ಹೊಡದು ಎರಡು ದಿನ ನೋಡ್ರಿ. ಎಲಿ ಮ್ಯಾಲ ಸಣ್ಣ ಹಳದಿ ಚುಕ್ಕಿ, ಕೆಳಗ ಜೇಡನ ಬಲಿಯಂಥಾ ಎಳಿ ಇದ್ರ ನುಸಿ. ಒಣ ಬ್ಯಾಸಗಿ ಅದರ ಹಬ್ಬ. ಮೂರು ದಿನಕ್ಕೊಮ್ಮೆ ಎಲಿ ಕೆಳಮೈ ಜೋರು ನೀರಿಲೆ ತೊಳದ್ರ ಅರ್ಧ ಹೋಗತಾವ. ಅದಕ್ಕ ಸಿಂಪಡಿಸ್ರಿ ಅಂದದ್ದು.

ಮುಂಜಾನೆ ಬಿಸಿಲು, ವಿಜಯಪುರ

ಆ ಮಟ್ಟಿಗೆ ನಿಮ್ಮ ಬಾಟ್ಲಿಗೆ ನಮಸ್ಕಾರ ಸರ್.

ಗೊಬ್ಬರದ ಅಳತೆ ಯಾರೂ ಬರೆಯಲಿಲ್ಲ. ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ), ಲೀಟರಿಗೆ 1 ಗ್ರಾಂ, ಒದ್ದೆ ಮಿಶ್ರಣಕ್ಕೆ, ಚಿಗುರುವ ಕಾಲದಲ್ಲಿ 15 ದಿನಕ್ಕೊಮ್ಮೆ. ನವೆಂಬರಿನಿಂದ ಜನವರಿಯವರೆಗೆ ತಿಂಗಳಿಗೊಮ್ಮೆ ಸಾಕು. ಜೇಡ್‌ಗೆ ಅರ್ಧ. ಶೇಂಗಾ ಹಿಂಡಿ, ಸಗಣಿ ಗೊಬ್ಬರ ತಾರಸಿಗೆ ಒಳ್ಳೆಯದು, ಮನೆಯೊಳಗೆ ನಾರುತ್ತದೆ, ಗುಂಗುರು ಏಳುತ್ತದೆ.

ಕಿಟಕಿಕಟ್ಟೆ, ವಿಜಯಪುರ

ಪಾಟ್ ಬದಲಿಸಿ 19 ದಿನ ಆತು. ಮೂರನೇ ಒಂದು ಪಾಲಿನಷ್ಟು ಬೇರು ಕೊಳತಿತ್ತು, ತಗದೆ. ಚೀಲದೊಳಗ ನಾಕು ಕಡೆ ಕೆಂಪನ ಚೂಪು ಮೊಗ್ಗಿ ಕಾಣ್ತಾವ. ಚೀಲ ತಗೀಲೇನ್ರಿ?

ಗರಸು, ಬಾಗಲಕೋಟೆ

ಇನ್ನ ಬ್ಯಾಡ. ಮೊಗ್ಗಿ ಬಿಚ್ಚಿ ಎರಡೆಲಿ ಪೂರ್ತಿ ಅಗಲ ಆಗಲಿ. ಆಮ್ಯಾಲ ಚೀಲದ ಮೂಲಿ ಒಂದು ಕತ್ತರಿಸ್ರಿ, ಎರಡು ದಿನ ಬಿಟ್ಟು ಇನ್ನೊಂದು.